ಕಣ್ಣೀರಿಟ್ಟು ತಂದ ಮೊಲ

ಎಲ್ಲದಕ್ಕೂ ಕಾರಣ ಒಂದು ಎಡಗಾಲಿನ ಚಪ್ಪಲಿ. ಕಂದು ಬಣ್ಣದ್ದು, ಹೊಚ್ಚ ಹೊಸದು, ಇನ್ನೂ ಕಾಲಿಗೆ ಒಗ್ಗಿರಲಿಲ್ಲ. ಹಿಂದಿನ ಸಂಜೆ ಹಲ್ಲಪ್ಪ ಅದನ್ನು ಬಾಗಿಲ ಬಳಿ ಕಳಚಿಟ್ಟು ಮುಖ ತೊಳೆದು ಬರುವಷ್ಟರಲ್ಲಿ ಹೆಂಡತಿಯ ಮೊಲ ಅದರ ಪಟ್ಟಿಯನ್ನು ಅರ್ಧ ತಿಂದು ಮುಗಿಸಿತ್ತು. ಉಳಿದರ್ಧವನ್ನು ಎದುರಿಗಿಟ್ಟುಕೊಂಡು, ಊಟದ ನಡುವೆ ಸ್ವಲ್ಪ ಸುಧಾರಿಸಿಕೊಳ್ಳುವ ದೊಡ್ಡ ಮನುಷ್ಯರ ಹಾಗೆ ಕೂತಿತ್ತು.

ಹಲ್ಲಪ್ಪ ಎಂಬುದು ಅವನ ತಂದೆತಾಯಿ ಇಟ್ಟ ಹೆಸರಲ್ಲ. ಅವನು ಕಟ್ಟುಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ. ಯಾರು ಎದುರಿಗೆ ನಕ್ಕರೂ ಮೊದಲು ಹಲ್ಲು ನೋಡಿ ಆಮೇಲೆ ಮುಖ ನೋಡುವ ಅಭ್ಯಾಸ. ಹಾಗಾಗಿ ಬೀದಿಯವರೇ ನಾಮಕರಣ ಮಾಡಿದ್ದರು. ಚಪ್ಪಲಿ ಎತ್ತಿ ನೋಡಿದವನೇ, ಅಷ್ಟು ಕೋಪದಲ್ಲೂ, ಮೊಲದ ಮೇಲಿನ ಬಾಚಿಹಲ್ಲೊಂದರ ತುದಿ ಮುಕ್ಕಾಗಿದೆ ಎಂದು ಕಂಡುಕೊಂಡ.

ಮೊಲಕ್ಕೂ ಅವನಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಅದರ ಒಂದು ಕೂದಲು ಗಾಳಿಯಲ್ಲಿ ತೇಲಿದರೆ ಸಾಕು, ಅವನಿಗೆ ಸೀನಿನ ಸುರಿಮಳೆ, ಕಣ್ಣಲ್ಲಿ ಧಾರಾಕಾರ ನೀರು. ಅವನು ಹತ್ತಿರ ಸುಳಿದರೆ ಮೊಲವೂ ಹಿಂಗಾಲಿನಿಂದ ನೆಲಕ್ಕೆ ‘ಧಪ್’ ಎಂದು ಗುದ್ದಿ ತಿರುಗಿ ಕೂರುತ್ತಿತ್ತು.

“ಒಂದಲ್ಲ ಒಂದಿನ ಇದನ್ನ ನಾನೇ ಎಲ್ಲಾದರೂ ಬಿಟ್ಟುಬರ್ತೀನಿ, ನೋಡ್ತಾ ಇರು!” ಎಂದು ಚಪ್ಪಲಿ ಝಳಪಿಸುತ್ತ ಅಬ್ಬರಿಸಿದ್ದ.

ಅವನ ಹೆಂಡತಿ ಸಿಟಿ ಬಸ್ಸಿನ ಕಂಡಕ್ಟರು. ಎಂಥ ಜಗಳವಾದರೂ ಕೊನೆಗೆ “ರೈಟ್!” ಎಂದು ಹೇಳಿ, ಬಸ್ಸು ಬಿಟ್ಟ ಹಾಗೆ ಮುಂದಿನ ಕೆಲಸಕ್ಕೆ ಹೋಗಿಬಿಡುವವಳು. ನಿನ್ನೆ ಮಾತ್ರ ರೈಟ್ ಹೇಳಿರಲಿಲ್ಲ. “ಬಿಟ್ಟುಬನ್ನಿ. ಅದಿಲ್ಲದ ಮನೇಲಿ ನಾನೂ ಇರಲ್ಲ” ಎಂದಷ್ಟೇ ಹೇಳಿ ಮಲಗಿದ್ದಳು.

ಬೆಳಿಗ್ಗೆ ಅವಳು ಮೊದಲ ಪಾಳಿಗೆ ಹೋದ ಮೇಲೆ ಹಲ್ಲಪ್ಪ ಎದ್ದ. ಎದ್ದವನಿಗೆ ಒಂದೂ ಸೀನು ಬರಲಿಲ್ಲ. ಏನೋ ಎಡವಟ್ಟಾಗಿದೆ ಎಂದು ಮೂಗಿಗೇ ಮೊದಲು ಗೊತ್ತಾಯಿತು.

ಗೂಡಿನ ಬಾಗಿಲು ತೆರೆದಿತ್ತು. ಗೂಡು ಖಾಲಿ. ಹಿಂದಿನ ಮೆಟ್ಟಿಲಿಗಿಳಿಯುವ ಅಡುಗೆಮನೆಯ ಬಾಗಿಲೂ ತೆರೆದಿತ್ತು. ಹಿಂದಿನ ರಾತ್ರಿ ಸೀನಿಗೆ ಗಾಳಿ ಬೇಕೆಂದು ಆ ಬಾಗಿಲು ತೆಗೆದವನು ಅವನೇ. ಹಾಕಿದ ನೆನಪು ಎಷ್ಟು ತಡಕಿದರೂ ಸಿಗಲಿಲ್ಲ.

ಮಂಚದ ಕೆಳಗೆ ತೂರಿದ. ಬೀರುವಿನ ಹಿಂದೆ ಕೈಹಾಕಿದ. ವಾಷಿಂಗ್ ಮಷೀನಿನ ಒಳಗೆ ತಲೆಯಿಟ್ಟು “ಚಿನ್ನಾ, ಬಂಗಾರಾ” ಎಂದು, ಹೆಂಡತಿಯನ್ನೇ ಒಮ್ಮೆಯೂ ಕರೆಯದ ಹೆಸರುಗಳಿಂದೆಲ್ಲ ಕರೆದ. ಮೊಲವಿಲ್ಲ. ಸಂಜೆ ಬಿಟ್ಟುಬರುತ್ತೇನೆ ಎಂದು ಬೆದರಿಸಿದವನ ಮನೆಯಿಂದ ಬೆಳಿಗ್ಗೆ ಮೊಲ ತಾನಾಗಿಯೇ ಹೋಯಿತು ಎಂದರೆ ಯಾವ ಹೆಂಡತಿ ನಂಬುತ್ತಾಳೆ? ಅವಳು ಸುಮ್ಮನೆ ಮಾತಾಡುವವಳಲ್ಲ; ಪೆಟ್ಟಿಗೆ ಕಟ್ಟಿದಳೆಂದರೆ ಕಟ್ಟಿದಂತೆಯೇ.

ಮೊಲವನ್ನು ಕರೆದ ದನಿ ಕೆಳಮನೆಗೂ ಕೇಳಿಸಿತ್ತು. ಅಲ್ಲಿದ್ದವರು ನಿವೃತ್ತ ರೈಲ್ವೆ ಗಾರ್ಡು. ನಿವೃತ್ತರಾದರೂ ಸೀಟಿ ಕೊರಳಿನಿಂದ ಇಳಿದಿರಲಿಲ್ಲ.

“ಗಾಬರಿಯಾಗಬೇಡ ಕಣಯ್ಯ ಹಲ್ಲಪ್ಪ, ನಾನಿದ್ದೀನಿ” ಎಂದು ಅವರು ಮೆಟ್ಟಿಲು ಹತ್ತಿ ಬಂದಾಗ ಅವನ ಗಾಬರಿ ಎರಡು ಪಟ್ಟಾಯಿತು. ಗಾರ್ಡ್ ಮಾವ ಬೀದಿಯ ನಡುವೆ ನಿಂತು ಜೋರಾಗಿ ಸೀಟಿ ಊದಿದರು. ಓಡಿಹೋದ ಮೊಲ ಎಲ್ಲೇ ಇದ್ದರೂ ಆ ಸದ್ದಿಗೆ ಮುಂದಿನ ಬೀದಿ ಸೇರಬೇಕು, ಹಾಗೆ ಊದಿದರು.

ಎದುರುಮನೆಯ ಟೈಲರಮ್ಮ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಹೊರಬಂದಳು. “ಏನಾಯ್ತು? ಬೆಳಿಗ್ಗೆ ನಿಮ್ಮನೆಯವರು ಬುಟ್ಟಿ ಹಿಡ್ಕೊಂಡು ಅಷ್ಟು ಬೇಗ...”

“ಬುಟ್ಟಿ ವಿಷಯ ಆಮೇಲೆ ಮಾತಾಡೋಣಮ್ಮ! ಇಲ್ಲಿ ಮೊಲ ಹೋಗಿದೆ!” ಎಂದು ಗಾರ್ಡ್ ಮಾವ ಅವಳ ಬಾಯಿ ಮುಚ್ಚಿಸಿದರು.

“ಅಯ್ಯೋ, ಅದನ್ನೇ ಹೇಳ್ತಿದ್ದೀನಿ...”

“ಅಗೋ, ಕಾರಿನ ಕೆಳಗೆ! ಬಿಳಿ ಬಾಲ!” ಎಂದು ಅವರು ಮತ್ತೆ ಸೀಟಿ ಊದಿದರು. ಹಲ್ಲಪ್ಪ ಎಲೆಕೋಸಿನ ಎಲೆ ಹಿಡಿದು ಕಾರಿನಡಿಗೆ ತೆವಳಿದ, ಬಿಳಿಯದನ್ನು ಗಬಕ್ಕನೆ ಹಿಡಿದ. ಅದು ಮೊಲವಲ್ಲ, ಬೆಕ್ಕು. ಮೂಗಿನ ಮೇಲೆ ಉದ್ದಕ್ಕೊಂದು ಗೀರು ಎಳೆಸಿಕೊಂಡು ಹೊರಬಂದಾಗ ಟೈಲರಮ್ಮ, ಇವರಿಗೆ ಹೇಳುವುದೂ ಒಂದೇ ಗೋಡೆಗೆ ಹೇಳುವುದೂ ಒಂದೇ ಎಂದು ಗೊಣಗುತ್ತ ಒಳಗೆ ಹೋಗಿ ಮಷೀನು ತುಳಿಯತೊಡಗಿದ್ದಳು.

“ನೋಡಯ್ಯಾ,” ಗಾರ್ಡ್ ಮಾವ ದನಿ ತಗ್ಗಿಸಿದರು, “ರೈಲಲ್ಲಿ ಒಂದು ಬೋಗಿ ಕೆಟ್ಟರೆ ಏನು ಮಾಡ್ತಿದ್ವಿ? ಅಂಥದ್ದೇ ಇನ್ನೊಂದು ತಗಲಿಸಿ ಹಸಿರು ಬಾವುಟ ತೋರಿಸ್ತಿದ್ವಿ. ಒಳಗೆ ಕೂತವರಿಗೆ ಗೊತ್ತೇ ಆಗ್ತಿರಲಿಲ್ಲ. ಪ್ರಾಣಿಗಳ ಆಶ್ರಯಧಾಮ ಇದೆಯಲ್ಲ, ನಡಿ!”

ಆಶ್ರಯಧಾಮದಲ್ಲಿ ಒಣಹುಲ್ಲಿನ ವಾಸನೆ ಬಾಗಿಲಲ್ಲೇ ಎದುರಾಯಿತು. ಮೇಲ್ವಿಚಾರಕಿ ಆಗತಾನೆ ಪಾಳಿಗೆ ಬಂದಿದ್ದರು. ಹೆಗಲ ಮೇಲೊಂದು ಗಿಳಿ ಕೂತಿತ್ತು. ಅದಕ್ಕೆ ಒಂದು ರೆಕ್ಕೆ ಇರಲಿಲ್ಲ, ಆದರೆ ಅನುಮಾನದ ದೃಷ್ಟಿ ಆಕೆಗೂ ಗಿಳಿಗೂ ಒಂದೇ ಥರ ಇತ್ತು.

“ಬಿಳಿ ಮೈ ಇರೋದು, ಒಂದು ಕಿವಿ ಮಾತ್ರ ಕಪ್ಪಗಿರೋದು ಬೇಕಿತ್ತು ಮೇಡಂ” ಎಂದ ಹಲ್ಲಪ್ಪ.

“ಬಣ್ಣ ಹೇಳಿ ತಗೊಂಡು ಹೋಗೋಕೆ ಇದೇನು ಕಿಟಕಿ ಪರದೆನಾ?” ಎಂದರು ಆಕೆ. “ನಮ್ಮಲ್ಲಿ ನೀವು ಮೊಲವನ್ನ ಆರಿಸೋ ಹಾಗಿಲ್ಲ ಸರ್. ಮೊಲ ನಿಮ್ಮನ್ನ ಆರಿಸಬೇಕು. ಶೂ ಬಿಚ್ಚಿ ಒಳಗೆ ಹೋಗಿ ಕೂತ್ಕೊಳ್ಳಿ. ಯಾವುದಾದರೂ ತಾನಾಗಿ ಹತ್ತಿರ ಬಂದ್ರೆ ನಿಮ್ಮ ಅದೃಷ್ಟ. ಬರದೆ ಇದ್ರೆ ಮನೆಗೆ ಹೋಗಿ.”

ಹಲ್ಲಪ್ಪ ಬೇಲಿಯೊಳಗೆ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಸುತ್ತ ಮೊಲಗಳು. ಮೂಗಿನ ತುದಿಯಲ್ಲಿ ಆಗಲೇ ತುರಿಕೆ ಶುರುವಾಗಿತ್ತು. ಅಷ್ಟರಲ್ಲಿ ಮೂಲೆಯ ಡಬ್ಬದ ಹಿಂದಿನಿಂದ ಒಂದು ಮೊಲ ಹೊರಬಂತು. ಅದನ್ನು ಕಂಡು ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಬಿಳಿ ಮೈ! ಒಂದೇ ಕಿವಿ ಕಪ್ಪು!

“ಎಡಗಿವಿ ಕಪ್ಪು ಕಣಯ್ಯಾ! ನಿಮ್ಮದಕ್ಕೆ ಎಡವೋ ಬಲವೋ?” ಬೇಲಿಯಾಚೆಯಿಂದ ಗಾರ್ಡ್ ಮಾವ ಪಿಸುಗುಟ್ಟಿದರು. ಅವರ ಪಿಸುಮಾತು ಪ್ಲಾಟ್‌ಫಾರಂ ದಾಟುವಷ್ಟಿತ್ತು.

ಹಲ್ಲಪ್ಪನಿಗೆ ಗೊತ್ತಿರಲಿಲ್ಲ. ಮನೆಯ ಮೊಲವನ್ನು ಅವನು ಹತ್ತಿರದಿಂದ ನೋಡಿದ್ದರೆ ತಾನೆ? ಬಂದ ಮೊಲ ಅವನನ್ನು ಮೇಲಿಂದ ಕೆಳಗೆ ನೋಡಿತು. ಹಿಂಗಾಲಿನಿಂದ ನೆಲಕ್ಕೆ ‘ಧಪ್’ ಎಂದು ಗುದ್ದಿತು. ಮೊಲದ ಜಾತಿಗೇ ತನ್ನನ್ನು ಕಂಡರಾಗದು ಎಂದು ಹಲ್ಲಪ್ಪನಿಗೆ ಅವಮಾನವಾಯಿತು. ಅದು ನೆಟ್ಟಗೆ ಬಂದು ಅವನ ಕಾಲುಚೀಲಕ್ಕೆ ಬಾಯಿ ಹಾಕಿತು.

“ಅರೆ! ಬೆಳಿಗ್ಗೆ ತಾನೇ ಬಂದದ್ದಂತೆ, ಯಾರ ಹತ್ತಿರಾನೂ ಹೋಗಿರಲಿಲ್ಲವಂತೆ. ನಿಮ್ಮನ್ನ ಒಪ್ಪಿಬಿಡ್ತಲ್ಲ ಸರ್!” ಮೇಲ್ವಿಚಾರಕಿ ಬೆರಗಾದರು.

ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ! ಹಲ್ಲಪ್ಪ ಮೂಗು ಒತ್ತಿಹಿಡಿದು ಫೋನೆತ್ತಿದ.

“ರೀ, ಮನೇಲಿ ಏನಾದ್ರೂ ವ್ಯತ್ಯಾಸ ಕಂಡಿತಾ ಇವತ್ತು?” ಹಿಂದೆ ಬಸ್ಸಿನ ಸದ್ದು.

“ವ್ಯತ್ಯಾಸನಾ? ಏನೂ ಇಲ್ವೇ! ಎಲ್ಲ ಇದ್ದ ಹಾಗೇ ಇದೆ. ಇರಬೇಕಾದ್ದೆಲ್ಲ ಇರೋ ಜಾಗದಲ್ಲೇ... ಆಕ್ಷೀ!”

“ಸೀನ್ತಾ ಇದ್ದೀರಾ? ಎಲ್ಲಿದ್ದೀರಿ?”

“ಲ್ಯಾಬಲ್ಲಿ. ಲ್ಯಾಬಲ್ಲೇ ಇದ್ದೀನಿ. ಆಕ್ಷೀ! ಆಕ್ಷೀ!”

“ಹಾಗಾದ್ರೆ ಸರಿ. ಬರೋದು ಸ್ವಲ್ಪ ತಡ ಆಗುತ್ತೆ” ಎಂದು ಅವಳು ಫೋನಿಟ್ಟಳು. ಬದುಕಿದೆಯಾ ಬಡಜೀವವೇ ಎಂದುಕೊಂಡು ಹಲ್ಲಪ್ಪ ಕಣ್ಣೊರೆಸಿಕೊಂಡ. ಒರೆಸಿದಷ್ಟೂ ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಲೇ ಇತ್ತು.

ಅದನ್ನು ನೋಡಿ ಮೇಲ್ವಿಚಾರಕಿ ಕರಗಿಹೋದರು. “ಎಷ್ಟೋ ಜನ ಬರ್ತಾರೆ ಸರ್, ಮೊಲ ಮುಟ್ಟಿದ್ದಕ್ಕೆ ಅತ್ತವರನ್ನ ನಾನು ನೋಡೇ ಇರಲಿಲ್ಲ.”

“ಹೆಂಗರುಳು ಮೇಡಂ ಇವನದು. ಮೊಲ ಅಂದ್ರೆ ಪ್ರಾಣ ಬಿಡ್ತಾನೆ” ಎಂದು ಗಾರ್ಡ್ ಮಾವ ಸೇರಿಸಿದರು.

“ಹಾಗಾದ್ರೆ ಜೊತೆಗಾರನನ್ನ ಬಿಟ್ಟುಹೋಗಲ್ಲ ಬಿಡಿ ನೀವು. ಒಂಟಿಯಾಗಿ ಕಳಿಸೋದು ನಮ್ಮಲ್ಲಿ ಪದ್ಧತಿ ಇಲ್ಲ” ಎನ್ನುತ್ತ ಆಕೆ ಡಬ್ಬದ ಹಿಂದಿನಿಂದ ಒಂದು ಕಂದು ಉಂಡೆಯನ್ನು ಎತ್ತಿ ಅವನ ಮಡಿಲಿಗೆ ಹಾಕಿದರು. ಇಲಿಯ ಜಾತಿಯ, ಬಾಲವಿಲ್ಲದ ಗಿನಿಪಿಗ್. “ಬೆಳಿಗ್ಗೆಯಿಂದ ಒಂದೇ ಹುಲ್ಲಿನ ಕಡ್ಡೀನ ಎರಡು ತುದಿಯಿಂದ ತಿಂತಾ ಕೂತಿವೆಯಂತೆ. ಅಗಲಿಸಿದ್ರೆ ಪಾಪ ಬರುತ್ತೆ.” ಮಡಿಲಿನಲ್ಲಿದ್ದದ್ದು ತಲೆಯೆತ್ತಿ ‘ವೀಈಕ್’ ಎಂದು ಸೀಟಿ ಹೊಡೆಯಿತು. ಗಾರ್ಡ್ ಮಾವ ಬೆಚ್ಚಿಬಿದ್ದು ತಮ್ಮ ಸೀಟಿಯನ್ನು ತಡಕಿಕೊಂಡರು.

ಮನೆಗೆ ಬಂದು ಬಿಟ್ಟದ್ದೇ ತಡ, ಮೊಲ ಅತ್ತಿತ್ತ ನೋಡದೆ ಸೀದಾ ಮಂಚದ ಕೆಳಗೆ ಹೋಗಿ ಕೂತಿತು. “ಎಷ್ಟು ಬೇಗ ಒಗ್ಗಿಹೋಯ್ತು ನೋಡಯ್ಯಾ!” ಎಂದು ಗಾರ್ಡ್ ಮಾವ ಬೆನ್ನು ತಟ್ಟಿ ಕೆಳಗಿಳಿದರು. ಹಲ್ಲಪ್ಪ ಗಿನಿಪಿಗ್ಗನ್ನು ಅಡುಗೆಮನೆಯಲ್ಲಿ ಒಗೆಯುವ ಬಟ್ಟೆಯ ಬುಟ್ಟಿಯೊಳಗಿಟ್ಟು ಮೇಲೊಂದು ಟವಲು ಮುಚ್ಚಿದ. ಬರುವಾಗ ನೋಡುತ್ತಾನೆ, ಮಂಚದ ಬಳಿ ಉಳಿದಿದ್ದ ಬಲಗಾಲಿನ ಚಪ್ಪಲಿಯೂ ಅರ್ಧ ಖಾಲಿ.

ಎರಡೂ ಚಪ್ಪಲಿಗಳನ್ನು ಬೆಳಕಿಗೆ ಹಿಡಿದ. ಕಚ್ಚಿದ ಗುರುತು ಎರಡರಲ್ಲೂ ಒಂದೇ ಅಚ್ಚು. ಬಾಚಿಹಲ್ಲಿನ ತುದಿಯ ಮುಕ್ಕು ಕೂಡ ಅಲ್ಲೇ! ದಿನವಿಡೀ ಹಲ್ಲಿನ ಅಚ್ಚು ನೋಡುವ ಆ ತಲೆಗೆ ಆಗಲಾದರೂ ಹೊಳೆಯಬಾರದೇ? ಹೊಳೆಯಲಿಲ್ಲ. “ಎಂಥ ಅದೃಷ್ಟ! ಹಲ್ಲು ಸಮೇತ ಹೊಂದಿಕೆಯಾಗಿದೆ. ಇನ್ನು ಅವಳಿಗೆ ಗೊತ್ತಾಗೋ ಮಾತೇ ಇಲ್ಲ” ಎಂದು ಹಿಗ್ಗಿ, ಸೀನಿ, ಮತ್ತೆ ಹಿಗ್ಗಿದ.

ಸಂಜೆ ಹೆಂಡತಿ ಬಂದಳು. ಕೈಯಲ್ಲಿ ಮುಚ್ಚಿದ ದೊಡ್ಡ ಬುಟ್ಟಿ, ಕಣ್ಣು ಕೆಂಪಗಿತ್ತು. ಹಲ್ಲಪ್ಪ ಹೇಳಬೇಕೆಂದು ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದ. “ಮೊಲ ಮಂಚದ ಕೆಳಗೇ ಇದೆ. ಬೆಳಿಗ್ಗೆಯಿಂದ ಎಲ್ಲೂ ಹೋಗಿಲ್ಲ.”

ಅವಳು ಅವನನ್ನೇ ದುರುಗುಟ್ಟಿ ನೋಡಿದಳು. “ಯಾವ ಮೊಲ? ಅದನ್ನ ಬೆಳಿಗ್ಗೆ ನಾನೇ ಆಶ್ರಯಧಾಮಕ್ಕೆ ಬಿಟ್ಟುಬಂದೆನಲ್ಲ!”

ಹಲ್ಲಪ್ಪ ಮಂಚದ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ನೋಡಿದ.

“ನಿನ್ನೆ ಇಡೀ ರಾತ್ರಿ ದಿಂಬಿನೊಳಗೆ ಮುಖ ಇಟ್ಕೊಂಡು ಸೀನ್ತಿದ್ರಿ. ನೋಡೋಕಾಗಲಿಲ್ಲ. ನನ್ನ ಹಟಕ್ಕೆ ಇವರನ್ನ ಯಾಕೆ ಸಾಯಿಸಲಿ ಅಂತ ಬುಟ್ಟೀಲಿಟ್ಟು ಕೊಟ್ಟುಬಂದೆ. ಮಧ್ಯಾಹ್ನ ಫೋನು ಮಾಡಿದ್ರೆ ಲ್ಯಾಬಲ್ಲೂ ಅದೇ ಸೀನು! ಅಂದಮೇಲೆ ಪಾಪ ಆ ಮೊಲದ್ದೇನು ತಪ್ಪು? ಪಾಳಿ ಮುಗಿಸಿ ವಾಪಸ್ ತರೋಣ ಅಂತ ಓಡಿದೆ. ಹೊರಟುಹೋಗಿತ್ತು ರೀ. ಯಾರೋ ಪುಣ್ಯಾತ್ಮ ಅದನ್ನ ಅಪ್ಪಿಕೊಂಡು ಗಳಗಳ ಅತ್ತು ಕರ್ಕೊಂಡು ಹೋದನಂತೆ. ಅಂಥ ಗಂಡಸರೂ ಇರ್ತಾರೆ, ನೀವೂ ಇದ್ದೀರಿ!”

ಮೂಗೊರೆಸಿಕೊಂಡು ಅವಳು ಬುಟ್ಟಿಯ ಬಟ್ಟೆ ಸರಿಸಿದಳು. ಒಳಗೊಂದು ಬೂದು ಬಣ್ಣದ ತಾಯಿಮೊಲ, ಅದರ ಹೊಟ್ಟೆಗೆ ಅಂಟಿಕೊಂಡು ಗಿಜಿಗಿಜಿ ಮರಿಗಳು. “ಬರಿಗೈಲಿ ಬರೋಕೆ ಮನಸ್ಸಾಗಲಿಲ್ಲ. ತಾಯೀನ ಮರಿಗಳಿಂದ ಅಗಲಿಸಲ್ಲವಂತೆ. ಹೇಗೂ ನಿಮ್ಮ ಸೀನು ಮೊಲದ್ದಲ್ಲವಲ್ಲ.”

ಹಲ್ಲಪ್ಪ ಬಾಯಿ ತೆರೆದ. ಮಾತಿಗೆ ಮುಂಚೆ ಮಂಚದ ಕೆಳಗಿನಿಂದ ‘ಧಪ್’ ಎಂದಿತು. ಕಪ್ಪು ಕಿವಿಯ ಮೊಲ ಚಪ್ಪಲಿಯ ಚೂರು ಕಚ್ಚಿಕೊಂಡು ಹೊರಬಂದು ಅವಳ ಪಾದದ ಮೇಲೆ ಕೂತಿತು.

ಅವಳ ಕೈಯಿಂದ ಬುಟ್ಟಿ ಜಾರುವುದರಲ್ಲಿತ್ತು. ಮೊಲವನ್ನು ನೋಡಿದಳು, ಗಂಡನನ್ನು ನೋಡಿದಳು, ಅವನ ಕೆನ್ನೆಯ ಮೇಲೆ ಧಾರೆಯಾಗಿ ಇಳಿಯುತ್ತಿದ್ದ ನೀರನ್ನು ನೋಡಿದಳು. “ಆ ಪುಣ್ಯಾತ್ಮ... ನೀವೇನಾ? ನಾನು ಕೊಟ್ಟುಬಂದದ್ದು ಗೊತ್ತಾಗಿ ಹುಡುಕಿಕೊಂಡು ಹೋದ್ರಾ? ಅಷ್ಟು ಪ್ರೀತಿ ಇಟ್ಕೊಂಡು ಬಾಯಲ್ಲಿ ಮಾತ್ರ ಬೈತಿದ್ರಾ?”

ಇಲ್ಲ ಎನ್ನಬೇಕಿತ್ತು. ಅಂದಿದ್ದರೆ ಸೀನಿನಿಂದ ಪಾರಾಗುತ್ತಿದ್ದ. ಆದರೆ ಮದುವೆಯಾದಾಗಿನಿಂದ ಅವಳು ಅವನನ್ನು ಆ ಕಣ್ಣಿನಿಂದ ನೋಡಿದ್ದಿಲ್ಲ. ಹಲ್ಲಪ್ಪನಿಗೆ ಎದೆ ತುಂಬಿ ಬಂತು, ಮೂಗಂತೂ ಯಾವಾಗಲೋ ತುಂಬಿತ್ತು. ಅವನು ಹೌದೆಂದು ತಲೆಯಾಡಿಸಿದ.

“ಅಳಬೇಡಿ ರೀ, ಇನ್ನು ಜನ್ಮದಲ್ಲಿ ಒಂದನ್ನೂ ಯಾರಿಗೂ ಕೊಡಲ್ಲ. ರೈಟ್!” ಎಂದಳು ಅವಳು, ಮರಿಯೊಂದನ್ನು ಎತ್ತಿ ಅವನ ಮೂಗಿನ ಕೆಳಗೇ ಹಿಡಿಯುತ್ತ.

ಆ ‘ರೈಟ್’ ಕೇಳಿಸಿದ್ದೇ ತಡ, ಅಡುಗೆಮನೆಯ ಬುಟ್ಟಿಯೊಳಗಿನಿಂದ ‘ವೀಈಕ್’ ಎಂದು ಉದ್ದನೆಯ ಸೀಟಿ ಬಂತು. ಹೆಂಡತಿ ಹೌಹಾರಿ ಅತ್ತ ತಿರುಗಿದಳು. ಕೆಳಮನೆಯಿಂದ ಗಾರ್ಡ್ ಮಾವ ಅದಕ್ಕೆ ಸರಿಯಾಗಿ ತಮ್ಮ ಸೀಟಿ ಊದಿದರು. ಹಲ್ಲಪ್ಪ ಸೀನುತ್ತಲೇ ಇದ್ದ.