ವರ್ನಾಳ ಗರಿಕಿರೀಟ

ನೆರೆಮನೆಯ ಗಸ್ ಮುದುಕ ಒಳ್ಳೆಯ ಮನಸ್ಸಿನಿಂದಲೇ ಒಂದು ಕಾಗದ ಬರೆದ. ಗ್ರಹಚಾರ ಕೆಟ್ಟದ್ದು ಅಲ್ಲಿಂದ.

‘ಸಿಲ್ವರ್ ಸುಲ್ತಾನ್ ಹೋಟೆಲಿನ ಮುಖ್ಯ ನರ್ತಕಿ ವರ್ನಾ ಪ್ರೂಯಿಟ್ ನಮ್ಮ ಗಾಡಿಮನೆಗಳ ಸಾಲಿನಲ್ಲೇ ಇದ್ದಾಳೆ’ ಎಂದು ಅವನು ಲಾಸ್ ವೇಗಸ್ಸಿನ ಒಂದು ವಸ್ತುಸಂಗ್ರಹಾಲಯಕ್ಕೆ ತಿಳಿಸಿದ್ದ. ಇವತ್ತು ಮಧ್ಯಾಹ್ನ ಅಲ್ಲಿಂದ ಒಬ್ಬಳು ಬರುತ್ತಾಳಂತೆ!

ಆ ಹೋಟೆಲಿನಲ್ಲಿ ವರ್ನಾ ಇಪ್ಪತ್ತೆರಡು ವರ್ಷ ಇದ್ದದ್ದು ನಿಜ. ಆದರೆ ವೇದಿಕೆಯ ಮೇಲಲ್ಲ, ಅದರಡಿಯ ನೆಲಮಾಳಿಗೆಯಲ್ಲಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನರ್ತಕಿಯರ ಬಟ್ಟೆ ಹೊಲಿಯುತ್ತ. ಈ ವೇಗಸ್ಸಿನಲ್ಲಿ ಹಳೆಯ ಕಟ್ಟಡವನ್ನು ಯಾರೂ ರಿಪೇರಿ ಮಾಡುವುದಿಲ್ಲ. ಮದ್ದಿಟ್ಟು ಉಡಾಯಿಸಿ ಚಪ್ಪಾಳೆ ತಟ್ಟುತ್ತಾರೆ. ಸಾಕ್ಷಿ ಹೇಳಬೇಕಾದ ಹೋಟೆಲೇ ಧೂಳಾದ ಮೇಲೆ ಸುಳ್ಳಿಗೇನು ಭಯ? ಮೊದಲು ಒಂದೆರಡು ಹೆಜ್ಜೆ ಕುಣಿದಿದ್ದೆ ಎಂದಳು. ಬರಬರುತ್ತ ಇಡೀ ಊರನ್ನೇ ಕುಣಿಸಿದ್ದೆ ಎಂದಳು. ಈಗ ಸಿಕ್ಕಿಬಿದ್ದರೆ ನೆರೆಹೊರೆಗೆ ಮುಖ ತೋರಿಸುವುದು ಹೇಗೆ?

“ನಂಗೆ ತಲೆನೋವು ಕಣೋ ಗಸ್, ಅವಳಿಗೆ ಬರಬೇಡ ಅನ್ನು.”

“ತಲೆನೋವಿಗೆ ಕಿರೀಟಾನೇ ಮದ್ದು ಕಣೇ!” ಎಂದಳು ಪಕ್ಕದ ಮನೆಯ ಕಾನ್ಸುಯೆಲೊ. ಅವಳು ಬೇರೊಂದು ಹೋಟೆಲಿನಲ್ಲಿ ಕೋಣೆಗಳ ಹಾಸಿಗೆ ಹಾಸುವ ಕೆಲಸ ಮಾಡಿ ನಿವೃತ್ತಳಾದವಳು.

ಹಿಂದೊಮ್ಮೆ ಹೋಟೆಲಿನಿಂದ ದುರಸ್ತಿಗೆಂದು ತಂದು ಹಾಗೇ ಉಳಿದುಹೋದ ನರ್ತಕಿಯ ಕಿರೀಟ ಮಂಚದಡಿ ಇತ್ತು. ಗಸ್, ಕಾನ್ಸುಯೆಲೊ ಇಬ್ಬರೂ ಅದನ್ನೆಳೆದು, ಕೊಡವಿ, ವರ್ನಾಳ ತಲೆಗೇರಿಸಿ, ಗದ್ದದ ಕೆಳಗೆ ಕೊಂಡಿ ಬಿಗಿದರು. ನಾಲ್ಕಡಿ ಎತ್ತರದ ಗರಿ; ಮನೆಯೋ, ಚಕ್ರದ ಮೇಲೆ ನಿಂತ, ಕೈಗೆಟುಕುವ ಸೂರಿನ ತಗಡಿನ ಗಾಡಿಮನೆ. ಗರಿಗಳೆಲ್ಲ ಮಡಚಿಕೊಂಡು ವರ್ನಾ ಮಳೆಗೆ ಸಿಕ್ಕ ಹುಂಜದಂತೆ ಕಂಡಳು. ಬಿಚ್ಚೋಣವೆಂದರೆ ತುಕ್ಕು ಹಿಡಿದ ಕೊಂಡಿ ಜಪ್ಪಯ್ಯ ಎಂದರೂ ಬಿಡಲಿಲ್ಲ.

“ಇರ್ರೀ, ಐಡಿಯಾ!” ಗಸ್ ಕುರ್ಚಿ ಹತ್ತಿ ಸೂರಿನ ಗಾಳಿಕಿಂಡಿ ತೆರೆದು, ಗರಿಗಳನ್ನು ಹೊರಕ್ಕೆ ತೂರಿಸಿದ. ಕಿರೀಟದ ತಂತಿ ಕಿಂಡಿಗೆ ಕಚ್ಚಿಕೊಂಡಿತು. ವರ್ನಾ ಗೂಟಕ್ಕೆ ಕಟ್ಟಿದಂತೆ ನಿಂತಳು. ಮೇಲೆ ಮರುಭೂಮಿಯ ಗಾಳಿಗೆ ಗರಿಗಳು ಓಲಾಡಿದವು. ಒಂದು ಪಾರಿವಾಳ ಬಂದು ಸುತ್ತ ಗುಟುರು ಹಾಕುತ್ತ ಮದುವೆಯ ಮಾತು ತೆಗೆಯಿತು.

ಸಂಗ್ರಹಾಲಯದ ಹುಡುಗಿ ಬ್ರಿನ್ ಬಂದವಳೇ, “ಮನೆ ನಂಬರ್ ನೋಡೋದೇ ಬೇಕಾಗ್ಲಿಲ್ಲ ಮೇಡಂ,” ಎಂದಳು.

ವರ್ನಾ ಕಣ್ಣುಮುಚ್ಚಿ ಶುರುಮಾಡಿದಳು: “ಆಗ ಊರಿಗೊಂದು ಕಳೆ ಇತ್ತಮ್ಮ. ಚಡ್ಡಿ ಹಾಕ್ಕೊಂಡು ಯಾರೂ ಜೂಜಿಗೆ ಬರ್ತಿರ್ಲಿಲ್ಲ. ಸೋಲೋರೂ ಕೋಟು-ಟೈ ಕಟ್ಕೊಂಡೇ ಸೋಲ್ತಿದ್ರು. ನಾನು ಮೆಟ್ಟಿಲು ಇಳಿದ್ರೆ…”

ಬ್ರಿನ್ ನಿಟ್ಟುಸಿರಿಟ್ಟು ತನ್ನ ಟಿಪ್ಪಣಿ ಪುಸ್ತಕ ಮುಚ್ಚಿದಳು. “ಬೇಜಾರಾಗ್ಬೇಡಿ. ಆ ವೇದಿಕೆ ಮೇಲೆ ಇಪ್ಪತ್ನಾಲ್ಕು ಜನಕ್ಕೇ ಜಾಗ. ನಮ್ಮ ಹತ್ರ ಈಗಾಗ್ಲೇ ಮುನ್ನೂರ ಹನ್ನೆರಡು ಮುಖ್ಯ ನರ್ತಕಿಯರು ಬಂದುಹೋಗಿದಾರೆ. ನಾವು ಹುಡುಕ್ತಿರೋದು ಆ ಬಟ್ಟೆ ಹೊಲಿದವರನ್ನ. ಇಡೀ ಒಂದು ಕೋಣೆಗೆ ಅವರ ಹೆಸರಿಡ್ತೀವಿ. ಒಬ್ಬರಾದ್ರೂ ಒಪ್ಕೊಂಡ್ರೆ ತಾನೆ?”

“ನಾನೇ!” ವರ್ನಾ ಕಿರುಚಿದಳು. “ನಾನು ಕುಣಿದೇ ಇಲ್ಲ ಕಣಮ್ಮ! ನೆಲಮಾಳಿಗೇಲಿ ಇಪ್ಪತ್ತೆರಡು ವರ್ಷ ಹೊಲಿದೆ!”

“ನೋಡಿದ್ರಾ ವಿನಯ?” ಗಸ್ ಕಣ್ಣೊರೆಸಿಕೊಂಡ. “ಇವಳ ಕುಣಿತ ಶುರುವಾದ್ರೆ ನಾನು ಇಸ್ಪೀಟು ಹಂಚ್ತಿದ್ದ ಮೇಜು ಖಾಲಿ ಆಗೋದು ರೀ.”

“ಮುಂದಿನ ಸಾಲಲ್ಲಿ ಕೂತು ನಾನೇ ನೋಡಿದೀನಿ,” ಎಂದು ಕಾನ್ಸುಯೆಲೊ ಎದೆ ಮುಟ್ಟಿಕೊಂಡು ಆಣೆಯಿಟ್ಟಳು. ಇಬ್ಬರೂ ವರ್ನಾಳನ್ನು ಮೊದಲು ಕಂಡದ್ದೇ ಹೋಟೆಲು ಮುಚ್ಚಿದ ಮೇಲೆ, ಈ ಸಾಲಿನಲ್ಲಿ.

“ಸೂಜಿ ಕೊಡ್ರೇ! ನಿನ್ನ ತೋಳಿನ ಗುಂಡಿ ಜೋತಾಡ್ತಿದೆ ಕಣಮ್ಮ, ಹೊಲಿದು ತೋರಿಸ್ತೀನಿ!” ವರ್ನಾ ಬ್ರಿನ್ ಕಡೆ ಕೈಚಾಚಿದಳು.

ಸೂಜಿ ಬಂತು. ಆದರೆ ದಾರ ಪೋಣಿಸಲು ತಲೆ ಬಗ್ಗಿಸಬೇಕು. ತಲೆ ಸೂರಿಗೆ ಸಿಕ್ಕಿಕೊಂಡಿದೆ. ಮೂರನೆಯ ಪ್ರಯತ್ನಕ್ಕೆ ಸೂಜಿ ಗಸ್‌ನ ಹೊಟ್ಟೆಗೆ ಚುಚ್ಚಿತು.

“ಸಾಕು ಬಿಡೇ, ಪಾಪ,” ಎಂದು ಕಾನ್ಸುಯೆಲೊ ಸೂಜಿ ಇಸಿದುಕೊಂಡು, ಕಣ್ಣುಮಿಟುಕಿಸುವುದರಲ್ಲಿ ಗುಂಡಿ ಹೊಲಿದು ಹಲ್ಲಿನಿಂದ ದಾರ ಕತ್ತರಿಸಿದಳು.

ಬ್ರಿನ್ ಗುಂಡಿಯನ್ನೇ ನೋಡಿದಳು. “ಏನು ಅಚ್ಚುಕಟ್ಟು! ನೀವು ಎಲ್ಲಿ ಕೆಲಸ ಮಾಡ್ತಿದ್ರಿ?”

ಕಾನ್ಸುಯೆಲೊ ಒಂದು ಗಳಿಗೆ ಸೂರು ನೋಡಿದಳು, ಒಂದು ಗಳಿಗೆ ನೆಲ ನೋಡಿದಳು.

“ನೆಲಮಾಳಿಗೇಲಮ್ಮ,” ಎಂದಳು ಮೆಲ್ಲಗೆ. “ಹೇಳ್ಕೊಳ್ಳೋಕೆ ನಾಚಿಕೆ.”

ಬ್ರಿನ್ ಅವಳನ್ನು ಬಾಚಿ ತಬ್ಬಿಕೊಂಡಳು. ಗಸ್ ಹೊಟ್ಟೆ ಹಿಡಿದುಕೊಂಡೇ ಚಪ್ಪಾಳೆ ತಟ್ಟಿದ.

“ನೋಡೇ ವರ್ನಾ, ಎಂಥಾ ಅದೃಷ್ಟ ನಿಂದು! ನಿನ್ನ ಬಟ್ಟೆ ಹೊಲಿದೋಳು ಇಷ್ಟು ವರ್ಷ ಪಕ್ಕದ ಮನೇಲೇ ಇದ್ಲಲ್ಲೇ!”