ಪೆಟ್ರೋಲ್ ಟ್ಯಾಂಕಿನ ಮುಚ್ಚಳ

ಐವತ್ತು ವರ್ಷ ಒಬ್ಬನೇ ಮನುಷ್ಯನ ಜೊತೆ ಬದುಕಿದರೆ ಅವನ ದಡ್ಡತನವೆಲ್ಲ ನಮಗೆ ಗೊತ್ತಾಗಿರುತ್ತದೆ ಎಂದು ನಾನು ತಿಳಿದಿದ್ದೆ. ಆ ಮನುಷ್ಯ ನಾನೇ. ಹಿರೇಹಡಗಲಿ ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ ಅವನು ನನ್ನನ್ನು ಬೆಚ್ಚಿಬೀಳಿಸಿದ ಮೇಲೆ ಆ ಭರವಸೆ ಹೋಯಿತು.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರು. ಹೆಂಡತಿ ಶಿವಲೀಲಾ ಹಿರೇಹಡಗಲಿ ಕಡೆ ನರ್ಸು. ನಮ್ಮ ಹಳೆಯ ಪೆಟ್ರೋಲ್ ವ್ಯಾನಿಗೆ ಎರಡು ತಿಂಗಳಿನಿಂದ ವಿಚಿತ್ರ ಕಾಯಿಲೆ. ಹೊರಡುವಾಗ ಮದುಮಗನಂತೆ ಹುರುಪು. ಹತ್ತು ಹನ್ನೆರಡು ಕಿಲೋಮೀಟರ್ ಆದೊಡನೆ ಜಗ್ಗಿ, ಕೆಮ್ಮಿ, ನಿಂತುಬಿಡುತ್ತಿತ್ತು. ಅರ್ಧ ತಾಸು ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರು. ಕೊಟ್ಟೂರಿನ ಮೆಕ್ಯಾನಿಕ್ ಫಿಲ್ಟರ್ ಎಂದ, ಬದಲಾಯಿಸಿದೆ. ಕೂಡ್ಲಿಗಿಯವನು ಪ್ಲಗ್ ಎಂದ, ಅದನ್ನೂ ಬದಲಾಯಿಸಿದೆ. ಹರಪನಹಳ್ಳಿಯವನು ಕಣ್ಣು ಮುಚ್ಚಿ ಎಂಜಿನ್ನಿಗೆ ಕಿವಿಗೊಟ್ಟು, ಪಂಪು ಹೋಗಿದೆ ಎಂದ. ಹೊಸ ಪಂಪೂ ಬಂತು. ವ್ಯಾನು ಮಾತ್ರ ತನ್ನ ಹಟ ಬಿಡಲಿಲ್ಲ. "ಇನ್ನ ಬದಲ್ ಮಾಡದ ಉಳದಿರಾದು ಡ್ರೈವರ್ ಒಬ್ಬರ ನೋಡ್ರಿ," ಎಂದಳು ಶಿವಲೀಲಾ.

ಆ ಬೆಳಿಗ್ಗೆ ಹಡಗಲಿಯ ತಾಲೂಕು ಆಸ್ಪತ್ರೆಯಿಂದ ಅವಳ ಆರೋಗ್ಯ ಕೇಂದ್ರಕ್ಕೆ ಮಕ್ಕಳ ಲಸಿಕೆಯ ಡಬ್ಬಿ ತರಬೇಕಿತ್ತು. ಕೇಂದ್ರದ ಜೀಪು ಬೇರೆ ಕಡೆ ಹೋಗಿತ್ತು. "ನಮ್ಮ ವ್ಯಾನ್ ಐತಲ್ಲ!" ಎಂದು ಎದೆ ತಟ್ಟಿಕೊಂಡವನು ನಾನೇ. ಅವಳು ಮಂಜುಗಡ್ಡೆ ತುಂಬಿದ ಡಬ್ಬಿಯನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡಿದ್ದಳು. ಹಡಗಲಿ ದಾಟಿದ್ದೇ ತಡ, ವ್ಯಾನು ಕೆಮ್ಮತೊಡಗಿತು. ನಿಂತು, ಹೊರಟು, ಮತ್ತೆ ನಿಂತು, ಕೊನೆಗೆ ಒಂದು ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನ ಮುಂದೆ ಪ್ರಾಣ ಬಿಟ್ಟಿತು. ಅಷ್ಟರಲ್ಲಿ ಆಶಾ ಕಾರ್ಯಕರ್ತೆಯ ಫೋನು: "ಅಕ್ಕಾರ, ತಾಯಂದಿರೆಲ್ಲ ಬಂದು ಕುಂತಾರ. ಕೂಸುಗಳು ಸೆಕಿಗೆ ಅಳಾಕ ಹತ್ಯಾವ. ಎಲ್ಲಿ ಅದೀರಿ?" ಶಿವಲೀಲಾ ನನ್ನನ್ನು ಬೈಯಲಿಲ್ಲ. ಡಬ್ಬಿಗೆ ಬಿಸಿಲು ತಾಗದಂತೆ ಸೆರಗು ಹೊದಿಸಿದಳು, ಅಷ್ಟೇ.

ಶೆಡ್ಡಿನಿಂದ ಬಂದವಳು ಹುಲಿಗೆಮ್ಮ, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟಿದ್ದ ಐವತ್ತರ ಹೆಂಗಸು. ಮೆಕ್ಯಾನಿಕ್ ಎಲ್ಲಿ ಎಂದು ನಾನು ಅತ್ತಿತ್ತ ನೋಡಿದೆ. "ನಾನ ರಿ," ಎಂದಳು. ಮೊಬೈಲ್ ವಿಡಿಯೋ ನೋಡಿ ಕಲಿತದ್ದನ್ನೆಲ್ಲ ಒದರಿ, ಹೊಸ ಪಂಪೂ ಕೆಟ್ಟಿದೆ, ಪ್ರೆಶರ್ ಬರುತ್ತಿಲ್ಲ ಎಂದು ನಾನು ತೀರ್ಪು ಕೊಟ್ಟೆ. "ಬರ್ತೈತೋ ಇಲ್ಲೋ ಮೀಟರ್ ಹೇಳ್ತೈತಿ ತಡೀರಿ," ಎಂದವಳೇ ಎಂಜಿನ್ನಿಗೆ ಪೆಟ್ರೋಲ್ ಹೋಗುವ ಪೈಪಿಗೆ ಗಡಿಯಾರದಂಥದೊಂದು ಮೀಟರ್ ಸಿಕ್ಕಿಸಿದಳು. ಅಷ್ಟರಲ್ಲಿ ಅರ್ಧ ತಾಸು ಸುಧಾರಿಸಿಕೊಂಡಿದ್ದ ವ್ಯಾನನ್ನು ನಾನು ಸೀಟಿಗೇರಿ ಚಾಲೂ ಮಾಡಿದರೆ ಮುಳ್ಳು ನೆಟ್ಟಗೆ ಏರಿ ನಿಂತಿತು. "ಪಂಪ್ ಚಲೋ ಐತಿ. ಎಕ್ಸಿಲೇಟರ್ ಒತ್ತೇ ಹಿಡೀರಿ." ಒತ್ತಿ ಹಿಡಿದೆ. ಸುಮಾರು ಹೊತ್ತಾದ ಮೇಲೆ ಮುಳ್ಳು ತೂಕಡಿಸುವವರ ತಲೆಯಂತೆ ಮೆಲ್ಲಗೆ ವಾಲತೊಡಗಿತು. ಎಂಜಿನ್ನು ಕೆಮ್ಮಿತು. "ನೋಡ್ರಿ! ಪಂಪ್!" ಎಂದು ಕೂಗಿದೆ. ಅವಳು ನನ್ನತ್ತ ನೋಡದೆ ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದಳು.

ಸುಸ್ಸ್! ನೀರಿನಲ್ಲಿ ಮುಳುಗಿ ಎದ್ದವನು ಉಸಿರೆಳೆದಂತೆ ಟ್ಯಾಂಕು ಗಾಳಿ ಎಳೆದುಕೊಂಡಿತು. ಮುಳ್ಳು ಚಂಗನೆ ಮೇಲೇರಿತು. ನನ್ನ ಕಾಲಡಿ ಎಂಜಿನ್ನು ಅಬ್ಬರಿಸಿದ ರಭಸಕ್ಕೆ ನಾನು ಸೀಟಿನಿಂದ ಹಾರಿಬಿದ್ದೆ.

"ಮುಚ್ಚಳದಾಗ ಒಂದು ಸಣ್ಣ ತೂತು ಇರ್ತೈತ್ರಿ ಸರ್. ಪೆಟ್ರೋಲ್ ಖಾಲಿ ಆದಂಗ ಅದರಾಗಿಂದ ಗಾಳಿ ಒಳಗ ಹೋಗ್ಬೇಕು. ಇಲ್ಲಂದ್ರ ಪಂಪ್ ಎಷ್ಟ್ ಜಗ್ಗಿದ್ರೂ ಪೆಟ್ರೋಲ್ ಬರಂಗಿಲ್ಲ. ಯಾವ ಪುಣ್ಯಾತ್ಮ ರಿ ಇದನ್ನ ಮುಚ್ಚಿದಾಂವ?"

ಎರಡು ತಿಂಗಳ ಹಿಂದೆ, ಆ ತೂತಿನಿಂದ ಪೆಟ್ರೋಲ್ ಆವಿಯಾಗಿ ಹೋಗುತ್ತಿದೆ ಎಂದು, ಸೋರುವ ನಲ್ಲಿಗೆ ಮೆತ್ತುವ ಅಂಟು ತಂದು, ಒಣಗಿದ ಮೇಲೆ ಉಜ್ಜಿ ನುಣುಪು ಮಾಡಿದ ಪುಣ್ಯಾತ್ಮ ನಾನೇ! ಶಿವಲೀಲಾ ನನ್ನ ಮುಖವನ್ನೊಮ್ಮೆ ನೋಡಿದಳು. ಎಲ್ಲ ಗೊತ್ತಾಯಿತು ಅವಳಿಗೆ. "ಆ ಪುಣ್ಯಾತ್ಮ ಸಿಕ್ರ ಇಲ್ಲಿಗೆ ಕಳಸ್ತೀನಿ ಬಿಡಬೇ ಅಕ್ಕ," ಎಂದಳು.

ಹುಲಿಗೆಮ್ಮ ಸೂಜಿಯಿಂದ ಅಂಟು ಕೆದರುತ್ತ ಕೇಳಿದಳು: "ಸರ್ ಏನ್ ಕೆಲ್ಸದಾಗ ಅದೀರಿ?"

"ಮೇಷ್ಟ್ರು."

"ಏನ್ ಕಲಸ್ತೀರಿ ಹುಡುಗ್ರಿಗೆ?"

ಇಪ್ಪತ್ತೆರಡು ವರ್ಷಗಳಿಂದ ನಾನು ಕಲಿಸುತ್ತಿರುವುದು ವಿಜ್ಞಾನ. ಡಬ್ಬಿಯಿಂದ ಎಣ್ಣೆ ಸಲೀಸಾಗಿ ಬೀಳಲು ಎರಡನೇ ತೂತು ಏಕೆ ಬೇಕು ಎಂದು ಪ್ರತಿ ವರ್ಷ ತಪ್ಪದೆ ಪ್ರಯೋಗ ಮಾಡಿ ತೋರಿಸುತ್ತೇನೆ.

"ಕನ್ನಡ," ಎಂದೆ.

ಮಂಜುಗಡ್ಡೆ ಕರಗುವ ಮೊದಲೇ ತಲುಪಿದೆವು. ದಾರಿಯುದ್ದಕ್ಕೂ ಶಿವಲೀಲಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಭುಜ ಮಾತ್ರ ಕುಲುಕುತ್ತಿತ್ತು. ಇಳಿಯುವಾಗ ಡಬ್ಬಿಯನ್ನು ನನ್ನ ಕೈಗಿತ್ತು, "ಕನ್ನಡ ಮೇಷ್ಟ್ರ, ಇದನ್ನ ಒಳಗ ತರ್ರಿ," ಎಂದಳು. "ಮುಚ್ಚಳ ಮಾತ್ರ ಮುಟ್ಟಬ್ಯಾಡ್ರಿ."