ಆಕಳ ಹಾಲು ಹಿಂಡುವಷ್ಟು ಹೊತ್ತು

ಓದಿದ್ದನ್ನೆಲ್ಲ ಅಕ್ಷರಶಃ ಪಾಲಿಸಬೇಕೆನ್ನುವುದು ನನಗೆ ಮೊದಲಿನಿಂದಲೂ ಅಂಟಿದ ಜಡ್ಡು. ಔಷಧಿ ಬಾಟಲಿಯ ಮೇಲೆ ಚೆನ್ನಾಗಿ ಅಲ್ಲಾಡಿಸಿ ಎಂದು ಬರೆದಿದ್ದರೆ ಭುಜ ನೋಯುವವರೆಗೂ ಅಲ್ಲಾಡಿಸುವವನು ನಾನು. ಶಹಾಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಇದೇ ಗುಣದಿಂದ ಎಷ್ಟು ಜನರ ಶಾಪ ಹೊತ್ತಿದ್ದೇನೋ, ಶಿವನೇ ಬಲ್ಲ. ಇಂಥವನ ಕೈಗೆ ಹಳೆಯ ಧರ್ಮಶಾಸ್ತ್ರದ ಪುಸ್ತಕವೊಂದು ಸಿಗಬಾರದಿತ್ತು. ಸಿಕ್ಕಿತು.

ಅದರಲ್ಲಿ ಗೃಹಸ್ಥನಿಗೊಂದು ನಿಯಮ. ಉಣ್ಣುವ ಮೊದಲು ಅಂಗಳದಲ್ಲಿ ಒಂದು ಆಕಳ ಹಾಲು ಹಿಂಡುವಷ್ಟು ಹೊತ್ತು ನಿಂತು ಅತಿಥಿಗಾಗಿ ಕಾಯಬೇಕು. ಅತಿಥಿ ಎಂದರೆ ಬೇರೆ ಊರಿನವನು, ಸುದ್ದಿ ಕೊಡದೆ ಬಂದವನು. ಅವನು ಉಂಡ ಮೇಲೆಯೇ ಮನೆಯವರ ಊಟ. ನನ್ನ ಮೈ ಪುಳಕಗೊಂಡಿತು; ಬರುವ ಭಾನುವಾರವೇ ಪಾಲಿಸುತ್ತೇನೆ ಎಂದು ಮನೆಯಲ್ಲಿ ಸಾರಿದೆ. ಹೆಂಡತಿ ಶಾಂತಾ ಮಾತ್ರ, "ಐತಾರ ಬದನಿಕಾಯಿ ಎಣ್ಣಿಗಾಯಿ ಮಾಡ್ತೀನಿ. ಹೊತ್ತಿಗಿ ಸರಿಯಾಗಿ ಬಂದು ಕುಂದರ್ರಿ, ಸಾಕು" ಎಂದಳು.

ಹಾಲು ಹಿಂಡಲು ಎಷ್ಟು ಹೊತ್ತು ಬೇಕು? ನಮ್ಮ ಮನೆಗೆ ಬರುವುದು ಪ್ಯಾಕೆಟ್ ಹಾಲು. ಕತ್ತರಿ ಇದ್ದರೆ ಕ್ಷಣದ ಕೆಲಸ. ಆಕಳು ಸಾಕಿದ ಪಕ್ಕದ ಮನೆಯ ಶರಣಮ್ಮನನ್ನು ಕೇಳಿದೆ. "ಸುಮ್ನ ನಿಂತ್ರ ಹತ್ತ ನಿಮಿಷರಿ. ಒದಿಯಾಕ ಹತ್ತಿದ್ರ ಮುಕ್ಕಾಲ ತಾಸ" ಎಂದಳು. ಧರ್ಮದ ವಿಷಯ, ಕಡಿಮೆ ಬೀಳಬಾರದು ಎಂದು ನಾನು ಒದೆಯುವ ಆಕಳನ್ನೇ ಆರಿಸಿಕೊಂಡೆ.

ಐತಾರ ಮಧ್ಯಾಹ್ನ ಒಂದಕ್ಕೆ ಅಂಗಳದಲ್ಲಿ ನಿಂತೆ. ಮೊದಲು ಪಾರ್ಸೆಲ್ ತಂದವನು ಬಂದ. ಸುರಪುರದವನಂತೆ, ಆದರೆ ಅವನು ಬರುವ ಸುದ್ದಿ ಹಿಂದಿನ ದಿನವೇ ಮೊಬೈಲಿಗೆ ಬಂದಿತ್ತು. ನಿಯಮಕ್ಕೆ ಹೊಂದಲಿಲ್ಲ. ಆಮೇಲೆ ಕಕ್ಕೇರಾದಿಂದ ಶಾಂತಾಳ ತಮ್ಮ ಮಲ್ಲಪ್ಪ ಬಂದ. ಅವನೂ ಬಸ್ಸಿನಿಂದ ಫೋನು ಮಾಡಿ ಕೆಟ್ಟಿದ್ದ.

"ಮಾವಾ, ಬಸ್ಸಿನ್ಯಾಗ ನಿಂತು ಬಂದೀನಿ. ಹಸಿವಿ ಆಗ್ಯಾದ."

"ಆಗಿರಬಹುದಪ್ಪಾ, ಆದ್ರ ಶಾಸ್ತ್ರದ ಪ್ರಕಾರ ನೀ ಅತಿಥಿ ಅಲ್ಲ" ಎಂದು ಅವನನ್ನು ಕಟ್ಟೆಯ ಮೇಲೆ ಕೂಡಿಸಿದೆ.

ಅಷ್ಟರಲ್ಲಿ ಶಾಂತಾ ಪುಸ್ತಕ ಹಿಡಿದು ಹೊರಗೆ ಬಂದಳು. "ಮುಂದಿನ ಹಾಳಿ ಓದೀರೇನು? ಬ್ಯಾನಿ ಇದ್ದವರಿಗೆ ಅತಿಥಿಗಿಂತ ಮೊದಲ ಉಣ್ಣಾಕ ಹಾಕಬೇಕಂತ. ನನ್ನ ಸಕ್ಕರಿ ಬ್ಯಾನಿ ಗುಳಗಿ ತೊಗೊಂಡು ಅರ್ಧ ತಾಸ ಆತು. ಕೈ ನಡಗಾಕತ್ಯಾವ."

ಕಾಣದ ಅತಿಥಿಗಾಗಿ ಬೀದಿ ನೋಡುತ್ತ ನಿಂತವನಿಗೆ, ಒಳಗೆ ಹಸಿದು ಕೂತ ಹೆಂಡತಿ ಕಂಡಿರಲಿಲ್ಲ. ನಾಚಿಕೆಯಾಯಿತು. ಓಡಿಹೋಗಿ ನಾನೇ ತಾಟು ಹಾಕಿಕೊಟ್ಟೆ. ಎರಡು ತುತ್ತು ಹೊಟ್ಟೆಗೆ ಬಿದ್ದ ಮೇಲೆ ಅವಳಿಗೆ ದನಿ ಬಂತು. "ತಮ್ಮಾ, ನಿನಗ ಬಸ್ಸಿನ್ಯಾಗ ತಲಿ ತಿರುಗ್ತದಲ್ಲ? ನೀನೂ ಬ್ಯಾನಿಯವ. ಬಾ." ಬೇನೆಯವನು ನಾಲ್ಕು ರೊಟ್ಟಿ, ಐದು ಬದನೆಕಾಯಿ ತಿಂದ. ಯಜಮಾನ ಉಳಿದದ್ದನ್ನು ಉಣ್ಣಬೇಕೆಂದೂ ಅದೇ ಹಾಳೆಯಲ್ಲಿತ್ತು. ಉಳಿದದ್ದು ಒಂದು ರೊಟ್ಟಿ, ಒಂದು ಬದನೆಕಾಯಿ.

ಅದರ ಮುಂದೆ ಕೂತೆನೋ ಇಲ್ಲವೋ, ಬಾಗಿಲಲ್ಲಿ ಅಪರಿಚಿತ ಮುದುಕರೊಬ್ಬರು. "ಬೋನಾಳದವರಿ ನಾ. ಒಂದ್ ಚರಿಗಿ ನೀರ ಕೊಡ್ತೀರೇನ್ರಿ?"

ಬೇರೆ ಊರು, ಸುದ್ದಿ ಇಲ್ಲ, ಫೋನಿಲ್ಲ. ಯಾವ ಆಕ್ಷೇಪಣೆಗೂ ಜಾಗವಿಲ್ಲದ ಅತಿಥಿ! "ಊಟಕ್ಕ ಬರ್ರಿ" ಎಂದೆ. ನಮ್ಮ ಕಡೆ ಹಾಗೆ ಕರೆಯುವುದು ವಾಡಿಕೆ, "ಈಗ ಆತ್ರಿ" ಎಂದು ಎದುರಿನವರು ನಯವಾಗಿ ಒಲ್ಲೆನ್ನುವುದೂ ವಾಡಿಕೆ. ಅವರು ಹಾಗೆನ್ನಲಿ ಎಂದು ನಾನು ಶಿವನಲ್ಲಿ ಬೇಡಿಕೊಂಡಷ್ಟು ಭಕ್ತಿಯಿಂದ ಈಚೆಗೆ ಏನನ್ನೂ ಬೇಡಿರಲಿಲ್ಲ.

"ಆಗಲ್ರಿ" ಎಂದು ಮುದುಕರು ಚಪ್ಪಲಿ ಬಿಟ್ಟರು.

ನಗು ತಡೆಯಲು ಶಾಂತಾ ಸೆರಗು ಬಾಯಿಗೆ ಹಚ್ಚಿಕೊಂಡಳು. ನಾನು ತಾಟನ್ನು ಅವರತ್ತ ಸರಿಸಿ ಎದ್ದೆ. ಅವರು ನನ್ನ ಮುಖ ನೋಡಿದರು, ತಾಟು ನೋಡಿದರು. ರೊಟ್ಟಿಯನ್ನು ಎರಡು ಮಾಡಿ, "ಕೂಡ್ರಿ. ನೀವೂ ಉಂಡಂಗ ಕಾಣಂಗಿಲ್ಲ" ಎಂದರು.

ಅತಿಥಿಯೊಡನೆ ಒಂದೇ ತಾಟಿನಲ್ಲಿ ಉಣ್ಣಬಹುದೇ ಎಂದು ಪುಸ್ತಕ ತೆಗೆದು ನೋಡಬೇಕಿತ್ತು. ಆಗಲೇ ಕೈಗೆ ಎಣ್ಣೆ ಹತ್ತಿತ್ತು.